ಮರಳು, ಹಲಗೆ, ಕಡತ

ಕಡತ ಎಂಬ ಮಾತು ಕಿವಿಗೆ ಬಿದ್ದರೆ ನಮಗೀಗ ನೆನಪಾಗುವುದು ಸರ್ಕಾರಿ ಕಚೇರಿ. ಕಡತ ಮೇಜಿನಿಂದ ಮೇಜಿಗೆ ಹೋಗುತ್ತದೆ, ಕಡತ ಕಾಣೆಯಾಗುತ್ತದೆ, ಕಡತ ವಿಲೇವಾರಿಯಾಗುತ್ತದೆ. ಪಿಂಚಣಿಗೋ ಖಾತೆ ಬದಲಾವಣೆಗೋ ಅಲೆದವರಿಗೆ ಆ ಮಾತು ಕೇಳಿದರೇ ಸುಸ್ತು. ಆದರೆ ಇನ್ನೂರು ವರ್ಷದ ಹಿಂದೆ ನಮ್ಮ ಬಳ್ಳಾರಿ ಸೀಮೆಯಲ್ಲಿ ಕಡತ ಐದಾರು ವರ್ಷದ ಹುಡುಗರ ತೊಡೆಯ ಮೇಲೂ ಇರುತ್ತಿತ್ತು. ಬಟ್ಟೆಗೆ ಗಂಜಿ ಹಾಕಿ ಗಡುಸು ಮಾಡಿ, ಪುಸ್ತಕದ ಹಾಗೆ ಮಡಿಕೆ ಮಡಿಕೆಯಾಗಿ ಮಡಚಿ, ಇದ್ದಿಲ ಪುಡಿಗೆ ನಾಲ್ಕಾರು ಬಗೆಯ ಅಂಟು ಕಲಸಿ ಬಳಿದರೆ ಕರ್ರನೆಯ ಕಡತ ಸಿದ್ಧ. ಬಳಪದಲ್ಲಿ ಬರೆಯುವುದು, ಒದ್ದೆ ಬಟ್ಟೆಯಲ್ಲಿ ಒರೆಸುವುದು, ಮತ್ತೆ ಬರೆಯುವುದು. ಈಗಿನ ಮಕ್ಕಳ ಸ್ಲೇಟಿಗೆ ಇದೇ ಅಜ್ಜಿ.

ಇದನ್ನೆಲ್ಲ ನಾನು ಓದಿದ್ದು ಒಬ್ಬ ಇಂಗ್ಲಿಷ್ ಕಲೆಕ್ಟರನ ವರದಿಯಲ್ಲಿ. 1822ರಲ್ಲಿ ಮದ್ರಾಸ್ ಪ್ರಾಂತ್ಯದ ಗವರ್ನರ್ ಆಗಿದ್ದ ಥಾಮಸ್ ಮನ್ರೋ ತನ್ನ ಕೈಕೆಳಗಿನ ಕಲೆಕ್ಟರುಗಳಿಗೆಲ್ಲ ಒಂದು ಪ್ರಶ್ನೆ ಕಳಿಸಿದ: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಾರೆ, ಏನು ಓದುತ್ತಾರೆ? ಮನ್ರೋ ಅಂದರೆ ನಮ್ಮ ಕಡೆಯವರಿಗೆ ಹೊಸಬನಲ್ಲ. 1800ರಿಂದ ಏಳು ವರ್ಷ ಈ ಸೀಮೆಗೆ ಅವನೇ ಕಲೆಕ್ಟರ್. ಕೆಲವರು ಅಂಕಿ ತುಂಬಿ ಕಳಿಸಿ ಕೈತೊಳೆದುಕೊಂಡರು. ಕೆನರಾ ಜಿಲ್ಲೆಯ ಕಲೆಕ್ಟರನಂತೂ, ಇಲ್ಲಿ ಕಾಯಂ ಶಾಲೆಗಳೇ ಇಲ್ಲ, ವಿವರ ಕೂಡಿಸುವುದು ಕಾಲಹರಣ ಎಂಬರ್ಥದ ಉತ್ತರ ಬರೆದುಬಿಟ್ಟ. ಹೀಗಾಗಿ ಮಂಗಳೂರು, ಉಡುಪಿ, ಕಾರವಾರದ ಮನೆಗಳಲ್ಲಿ ಆಗ ಮಕ್ಕಳಿಗೆ ಅಕ್ಷರ ಹೇಗೆ ಹೇಳಿಕೊಡುತ್ತಿದ್ದರು ಎಂಬುದು ಆ ಕಾಗದಗಳಿಗೆ ಬರಲೇ ಇಲ್ಲ. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ಬೇರೆ ಥರದವನು. ತೆಲುಗಿಗೆ ವ್ಯಾಕರಣ ಬರೆದಿದ್ದವನು, ಭಾಷೆಯ ರುಚಿ ಇದ್ದವನು. 1823ರ ಆಗಸ್ಟ್‌ನಲ್ಲಿ ಅವನು ಬರೆದ ಉತ್ತರದಲ್ಲಿ ಅಂಕಿಗಳ ಜೊತೆಗೆ ಶಾಲೆಯ ಒಳಗಿನ ಬಾಳೂ ಇದೆ. ಇಂಥ ಕಾಗದಗಳನ್ನೆಲ್ಲ ಹುಡುಕಿ ತೆಗೆದು ಧರಂಪಾಲ್ ಅವರು 1983ರಲ್ಲಿ ‘ದಿ ಬ್ಯೂಟಿಫುಲ್ ಟ್ರೀ’ ಎಂಬ ಪುಸ್ತಕ ಮಾಡಿದರು. ನಾನು ಬಿ.ಇಡಿ. ಮಾಡುತ್ತಿದ್ದಾಗ ಕಾಲೇಜಿನ ಲೈಬ್ರರಿಯಲ್ಲಿ ಅದು ಸಿಕ್ಕಿತು. ಪಠ್ಯದಲ್ಲಿ ರೂಸೋ, ಫ್ರೋಬೆಲ್, ಮಾಂಟೆಸ್ಸರಿ ಎಲ್ಲರೂ ಇದ್ದರು. ನಮ್ಮೂರಿನ ಐಗಳ ಮಠ ಮಾತ್ರ ಇರಲಿಲ್ಲ.

ಕ್ಯಾಂಪ್‌ಬೆಲ್ ಹೇಳುವಂತೆ ಆಗಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533. ಓದುವ ಮಕ್ಕಳು 6,641. ಅಂದರೆ ಸಾವಿರ ಜನಕ್ಕೆ ಸುಮಾರು ಏಳು ಮಕ್ಕಳು ಮಾತ್ರ ಶಾಲೆಯಲ್ಲಿದ್ದರು. ಕನ್ನಡ ಕಲಿಸುವ ಶಾಲೆಗಳು 235, ತೆಲುಗಿನವು 226. ಈಗಿನ ಅನಂತಪುರದ ಕಡೆಯ ಊರುಗಳೂ ಆಗ ಬಳ್ಳಾರಿಗೇ ಸೇರಿದ್ದವು. ಮರಾಠಿ, ಪಾರಸಿ, ತಮಿಳು ಕಲಿಸುವವು ಕೆಲವು. ಇಂಗ್ಲಿಷಿಗೆ ಒಂದೇ ಒಂದು. ಇಷ್ಟೂ ಶಾಲೆಗಳಲ್ಲಿ ಒಂದಕ್ಕೂ ಸರ್ಕಾರದಿಂದ ಕಾಸಿನ ನೆರವಿಲ್ಲ ಎಂದು ಹೇಳಲು ನಾಚಿಕೆಯಾಗುತ್ತದೆ ಎಂದು ಅವನೇ ಬರೆದುಕೊಂಡಿದ್ದಾನೆ.

ಮಗುವಿಗೆ ಐದು ತುಂಬಿದಾಗ ಐಗಳೂ ಶಾಲೆಯ ಹುಡುಗರೂ ಅದರ ಮನೆಗೇ ಬರುತ್ತಿದ್ದರಂತೆ. ಗಣಪತಿಯ ಮುಂದೆ ಎಲ್ಲರೂ ಸುತ್ತ ಕೂತು, ಪೂಜೆ ಮಾಡಿ, ಮಗುವಿನ ಬೆರಳು ಹಿಡಿದು ಅಕ್ಕಿಯಲ್ಲಿ ಬರೆಸುವುದು. ಈ ಅಕ್ಷರಾಭ್ಯಾಸ ನಮಗೆಲ್ಲ ಗೊತ್ತಿರುವುದೇ. ಈಗಲೂ ಶೃಂಗೇರಿಗೆ ಕರೆದುಕೊಂಡು ಹೋಗಿ ಮಾಡಿಸುವವರಿದ್ದಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಮರುದಿನದ ಕತೆ. ಈಗ ನಾವು ಅಕ್ಕಿಯ ತಟ್ಟೆಯನ್ನು ಎತ್ತಿಟ್ಟು, ಮರುದಿನವೇ ಮಗುವಿನ ಕೈಗೆ ನಾಲ್ಕು ಗೆರೆಯ ಕಾಪಿ ಪುಸ್ತಕ, ಸೀಸದ ಕಡ್ಡಿ ಕೊಟ್ಟು ಕೂರಿಸುತ್ತೇವೆ. ಆಗ ಹಾಗಲ್ಲ. ಅಕ್ಕಿಯ ನಂತರ ಮರಳು. ನೆಲದ ಮೇಲೆ ಹರಡಿದ ಮರಳಿನಲ್ಲಿ ಬೆರಳಿನಿಂದ ಬರೆದು ಬರೆದು ಅಕ್ಷರ ಕೈಗೆ ಕೂತ ಮೇಲೆಯೇ ಬೇರೆ ಸಾಮಾನು. ಯುರೋಪಿನಲ್ಲಿ ಮಕ್ಕಳು ಅಕ್ಷರದ ಹೆಸರು ಕೂಗಿ ಕಲಿಯುತ್ತಾರೆ, ಇಲ್ಲಿ ಬರೆದು ಕಲಿಯುತ್ತಾರೆ ಎಂದು ಕ್ಯಾಂಪ್‌ಬೆಲ್ ವ್ಯತ್ಯಾಸ ತೋರಿಸುತ್ತಾನೆ.

‘ಅಕ್ಷರ ತಿದ್ದುವುದು’ ಎಂಬ ನಮ್ಮ ಮಾತನ್ನು ನೋಡಿ. ಓದಿಸು ಅನ್ನುವುದಕ್ಕಿಂತ ಮೊದಲು ನಮ್ಮ ಹಿರಿಯರು ತಿದ್ದಿಸು ಅಂದರು. ಅದರಲ್ಲಿ ಒಂದು ಗುಟ್ಟಿದೆ. ಕನ್ನಡದ ಅಕ್ಷರಗಳು ಒಂದೇ ಮನೆಯ ಅಕ್ಕತಂಗಿಯರ ಹಾಗೆ. ಮುಖ ನೋಡಿದರೆ ಯಾರು ಯಾರೋ ತಿಳಿಯುವುದಿಲ್ಲ. ‘ಪ’, ‘ಷ’, ‘ಫ’ ಮೂರನ್ನೂ ಸಾಲಾಗಿ ಬರೆದು ಆರು ವರ್ಷದ ಮಗುವಿಗೆ ತೋರಿಸಿ. ‘ಮ’, ‘ವ’, ‘ಯ’ ತೋರಿಸಿ. ‘ದ’, ‘ಧ’, ‘ಥ’ ತೋರಿಸಿ. ಕಣ್ಣು ಮೋಸ ಹೋಗುತ್ತದೆ. ಆದರೆ ಬೆರಳಿಗೆ ‘ಮ’ದ ಕೊನೆಯಲ್ಲಿ ಮೇಲಕ್ಕೆ ಏರುವ ತಿರುವು ನೆನಪಿರುತ್ತದೆ, ‘ವ’ದಲ್ಲಿ ಆ ಏರು ಇಲ್ಲ ಎಂಬುದೂ ನೆನಪಿರುತ್ತದೆ. ರಂಗೋಲಿ ಹಾಕುವ ನಮಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಹದಿನೈದು ಚುಕ್ಕಿಯ ರಂಗೋಲಿಯನ್ನು ಬಾಯಲ್ಲಿ ಹೇಳು ಎಂದರೆ ಯಾರಿಂದಾದೀತು? ಹೊಸ್ತಿಲ ಮುಂದೆ ಕೂತರೆ ಕೈ ತಾನೇ ಹೋಗುತ್ತದೆ.

ನಾನು ಒಂದನೇ ತರಗತಿ ತೆಗೆದುಕೊಂಡಾಗಲೆಲ್ಲ ಮರಳಿನ ತಟ್ಟೆ ಇಟ್ಟುಕೊಂಡಿದ್ದೇನೆ. ಖರ್ಚಿಲ್ಲದ ಸಾಮಾನು, ಆದರೆ ಹದ ಬೇಕು. ಮರಳನ್ನು ಜರಡಿ ಹಿಡಿದು ಕಲ್ಲು ತೆಗೆಯಬೇಕು, ತೊಳೆದು ಒಣಗಿಸಬೇಕು. ಅಗಲವಾದ ಹರಿವಾಣದಲ್ಲಿ ತೆಳ್ಳಗೆ ಹರಡಬೇಕು. ದಪ್ಪಗೆ ಸುರಿದರೆ ಬೆರಳು ಹೂತು ಗೆರೆ ಮುಚ್ಚಿಹೋಗುತ್ತದೆ. ತಳಕ್ಕೆ ಒಂದು ಕಪ್ಪು ಕಾಗದ ಹಾಕಿದರೆ ಬರೆದ ಗೆರೆ ಎದ್ದು ಕಾಣುತ್ತದೆ. ಮನೆಯಲ್ಲಾದರೆ ಸಣ್ಣ ರವೆಯೂ ಆದೀತು, ಇರುವೆ ಬರದಂತೆ ನೋಡಿಕೊಂಡರೆ ಸರಿ. ತಪ್ಪಿದರೆ ತಟ್ಟೆಯನ್ನು ಒಮ್ಮೆ ಅಲುಗಿಸಿದರಾಯಿತು, ಗುರುತೇ ಇಲ್ಲ. ಕಾಪಿ ಪುಸ್ತಕದಲ್ಲಿ ರಬ್ಬರು ತಿಕ್ಕಿ ತಿಕ್ಕಿ ಹಾಳೆ ಹರಿದು, ಕೆಂಪು ಶಾಯಿಯ ಗುರುತು ಬಿದ್ದು, ಅದನ್ನು ಅಪ್ಪನಿಗೆ ತೋರಿಸಬೇಕಾಗುವ ಮಗುವಿಗೆ ಇದು ಎಷ್ಟು ದೊಡ್ಡ ಸಮಾಧಾನ ಎಂಬುದು ತರಗತಿಯಲ್ಲಿ ಕೂತು ನೋಡಿದವರಿಗೇ ಗೊತ್ತು.

ಮರಳಿನಲ್ಲಿ ಕೈ ಪಳಗಿದ ಮೇಲೆ ಆ ಹುಡುಗರಿಗೆ ಮುಂದಿನ ಹಂತ. ಕಬ್ಬಿಣದ ಕಂಟದಿಂದ ತಾಳೆಗರಿಯ ಮೇಲೆ ಬರೆಯುವುದು, ಲಾಳದ ಲೇಖನಿಯಿಂದ ಕಾಗದದ ಮೇಲೆ ಬರೆಯುವುದು, ಒಮ್ಮೊಮ್ಮೆ ಈಶ್ವರಿಬಳ್ಳಿಯ ಎಲೆಯ ಮೇಲೂ ಬರೆಯುವುದು. ಆದರೆ ನಮ್ಮ ಸೀಮೆಯಲ್ಲಿ ಹೆಚ್ಚು ಬಳಕೆಯಲ್ಲಿದ್ದವು ಹಲಗೆ ಮತ್ತು ಕಡತ. ಹಲಗೆ ಅಂದರೆ ಒಂದಡಿ ಅಗಲ, ಮೂರಡಿ ಉದ್ದದ ಮರದ ಹಲಗೆಯೇ. ಅದನ್ನು ನಯಮಾಡಿ ಅನ್ನವನ್ನೂ ಇದ್ದಿಲ ಪುಡಿಯನ್ನೂ ಬಳಿಯುತ್ತಿದ್ದರು. ಇಂಗ್ಲಿಷ್ ಪುಟದಲ್ಲಿ ಹಲಗೆ ‘ಹುಲ್ಲಿಗಿ’ ಆಗಿದೆ, ಬಳಪ ‘ಬುಟ್ಟಪ’ ಆಗಿದೆ. ಬಿಳಿಯ ಜೇಡಿಯಂಥ ವಸ್ತು, ಸ್ವಲ್ಪ ಗಟ್ಟಿ ಎಂಬ ವಿವರಣೆ ಓದಿದಾಗ ನಮ್ಮ ಬಳಪವೇ ಎಂದು ಗೊತ್ತಾಗಿ ಲೈಬ್ರರಿಯಲ್ಲಿ ನನಗೆ ನಗು ತಡೆಯಲಾಗಲಿಲ್ಲ.

ಅಕ್ಷರವಾದ ಮೇಲೆ ಕಾಗುಣಿತ, ಒತ್ತಕ್ಷರ. ಅದಾದ ಕೂಡಲೇ ಏನು ಬರೆಸುತ್ತಿದ್ದರು ಎಂಬುದು ನನ್ನ ಮಟ್ಟಿಗೆ ಆ ವರದಿಯ ಬಹಳ ಬೆಲೆಬಾಳುವ ಮಾತು. ಜನರ ಹೆಸರು, ಊರುಗಳ ಹೆಸರು, ಪ್ರಾಣಿಗಳ ಹೆಸರು. ಮಗುವಿಗೆ ಆಗಲೇ ಬಾಯಲ್ಲಿರುವ ಮಾತುಗಳು! ನಮ್ಮ ಒಂದನೇ ತರಗತಿಯ ಹಳೆಯ ಪುಸ್ತಕಗಳಲ್ಲಿ ‘ಈಟಿ’, ‘ಋಷಿ’, ‘ಐರಾವತ’ ಎಂದು ಮಗು ಕಂಡರಿಯದ ವಸ್ತುಗಳನ್ನು ಚಿತ್ರದೊಡನೆ ಕಲಿಸುತ್ತಿದ್ದೆವು, ವರ್ಣಮಾಲೆಯ ಕ್ರಮ ತಪ್ಪಬಾರದಲ್ಲ. ಅದರ ಬದಲು ಊರುಗಳ ಹೆಸರು ತೆಗೆದುಕೊಳ್ಳಿ. ಹಂಪಿ, ಕಂಪ್ಲಿ, ಕೊಟ್ಟೂರು, ಕೂಡ್ಲಿಗಿ, ಸಂಡೂರು, ಬಳ್ಳಾರಿ. ಒತ್ತಕ್ಷರದ ಪಾಠಕ್ಕೆ ದೂರ ಹೋಗಬೇಕೇ? ಬಳ್ಳಾರಿಯಲ್ಲೇ ಒತ್ತು ಕೂತಿದೆ, ಕಂಪ್ಲಿಯಲ್ಲಿ ಬೇರೆ ಜಾತಿಯ ಒತ್ತು. ಪ್ರತಿ ಮಗುವಿನ ಅಜ್ಜಿಯ ಊರನ್ನು ಗೋಡೆಯ ಮೇಲೆ ಬರೆಸಿದರೆ ಸಾಕು, ಒಂದು ವಾರದಲ್ಲಿ ಕನ್ನಡದ ಮುಕ್ಕಾಲು ಅಕ್ಷರ ಗೋಡೆಗೆ ಬಂದು ಕೂತಿರುತ್ತವೆ. ಅಜ್ಜಿಯ ಊರನ್ನು ತಪ್ಪು ಬರೆದರೆ ಮಗು ಸುಮ್ಮನಿರುವುದೂ ಇಲ್ಲ.

ಇನ್ನೂ ಒಂದಿದೆ. ಐಗಳು ಅಲ್ಲಿ ಇಲ್ಲಿಂದ ಕಾಗದಪತ್ರಗಳನ್ನು ಕೂಡಿಸಿಟ್ಟುಕೊಂಡು, ನಾನಾ ಜನರ ಕೈಬರಹವನ್ನು ಹುಡುಗರಿಂದ ಓದಿಸುತ್ತಿದ್ದರು. ಸರ್ಕಾರಿ ಕಾಗದ, ಮನೆಯ ಓಲೆ, ಕರಾರು ಪತ್ರ. ಅಚ್ಚಿನ ಪುಸ್ತಕ ಬಾರದ ಕಾಲದಲ್ಲಿ ಓದು ಅಂದರೆ ಇನ್ನೊಬ್ಬರ ಕೈಯನ್ನು ಓದುವುದು. ಈ ಉಪಾಯವನ್ನು ನಾನು ಹಾಗೇ ಎತ್ತಿಕೊಂಡಿದ್ದೇನೆ. ನನ್ನ ತರಗತಿಯಲ್ಲಿ ಒಂದು ಬಟ್ಟೆಯ ಚೀಲವಿದೆ. ಮದುವೆಯ ಕರೆಯೋಲೆ, ಕಿರಾಣಿ ಅಂಗಡಿಯ ಚೀಟಿ, ಹಳೆಯ ಪೋಸ್ಟ್ ಕಾರ್ಡು, ಸ್ವಸಹಾಯ ಸಂಘದ ಹಳೆಯ ಲೆಕ್ಕದ ಪುಸ್ತಕ, ಯಾರೋ ಬರೆದಿಟ್ಟ ಚಟ್ನಿಪುಡಿಯ ಅಳತೆ. ಮನೆಯವರನ್ನು ಕೇಳಿಯೇ ತರಬೇಕು, ಗುಟ್ಟಿನ ಸಂಗತಿ ಇರುವ ಕಾಗದ ಬೇಡ, ಇಷ್ಟು ಎಚ್ಚರ ಇದ್ದರೆ ಸಾಕು. ಪುಸ್ತಕದ ಪಾಠ ಓದು ಎಂದರೆ ಆಕಳಿಸುವ ನಾಲ್ಕನೇ ತರಗತಿಯ ಹುಡುಗ, ವಕ್ರವಕ್ರವಾಗಿ ಬರೆದ ಪೋಸ್ಟ್ ಕಾರ್ಡನ್ನು ಹಿಡಿದುಕೊಂಡು ಅರ್ಧ ಗಂಟೆ ತಲೆ ಎತ್ತುವುದಿಲ್ಲ.

ಆದರೆ ಆ ಕಾಲವನ್ನು ಹೊಗಳುತ್ತ ಕೂರುವುದು ನನಗೆ ಸೇರುವುದಿಲ್ಲ. ಧರಂಪಾಲರ ಪುಸ್ತಕ ಓದಿದ ಕೆಲವರು ನಮ್ಮಲ್ಲಿ ಎಲ್ಲವೂ ಸರಿಯಾಗಿತ್ತು, ಬ್ರಿಟಿಷರು ಬಂದು ಕೆಡಿಸಿದರು ಎಂದು ಭಾಷಣ ಮಾಡುತ್ತಾರೆ. ಕ್ಯಾಂಪ್‌ಬೆಲ್ಲನ ಅದೇ ಕಾಗದದಲ್ಲಿ ಬೆತ್ತವೂ ಇದೆ. ಬೆಳಿಗ್ಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು ಬರೆಯುತ್ತಿದ್ದರು. ಎರಡನೆಯವನಿಗೆ ಸೊನ್ನೆ, ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ಏರುತ್ತ ಹೋಗುತ್ತಿತ್ತು. ಮೈಗಳ್ಳ ಎನಿಸಿದವನನ್ನು ಕೈಕಟ್ಟಿ ಸೂರಿಗೆ ತೂಗುಹಾಕುವುದೂ ಇತ್ತಂತೆ. ಮನೆಯಲ್ಲಿ ಎಮ್ಮೆ ಕರೆದು ಬರುವ ಹುಡುಗ ಎಷ್ಟು ಏಟು ತಿಂದನೋ.

ಏಟಿಗಿಂತ ದೊಡ್ಡ ಕೊರತೆಯನ್ನೂ ಅವನು ಗುರುತಿಸಿದ್ದಾನೆ. ಅಕ್ಷರ, ಹೆಸರು, ಓಲೆ ಎಂದು ಚೆನ್ನಾಗಿ ಸಾಗಿದ ಪಾಠ, ಕಾವ್ಯದ ಹತ್ತಿರ ಬಂದಾಗ ಕುಂಟುತ್ತಿತ್ತು. ಪುಸ್ತಕಗಳೆಲ್ಲ ಪದ್ಯ, ಆಡುವ ಮಾತಿಗೂ ಅದಕ್ಕೂ ಸಂಬಂಧವಿಲ್ಲದ ಹಳೆಯ ಭಾಷೆ. ಕಲಿಸುವವರಲ್ಲೇ ಅರ್ಥ ಹೇಳಬಲ್ಲವರು ಕಡಿಮೆ. ಹುಡುಗರು ನೂರಾರು ಪದ್ಯಗಳನ್ನು ಗಿಳಿಯ ಹಾಗೆ ಒಪ್ಪಿಸುತ್ತಿದ್ದರು. ಈ ಮಾತು ಓದಿದಾಗ ಇನ್ನೂರು ವರ್ಷ ಕಳೆದದ್ದೇ ಮರೆತುಹೋಗುತ್ತದೆ. ಐದನೇ ತರಗತಿಯ ಹುಡುಗಿ ಒಂದು ಪುಟವನ್ನು ಸ್ವರವೆತ್ತಿ ಗಡಗಡನೆ ಓದುತ್ತಾಳೆ. ಪುಸ್ತಕ ಮುಚ್ಚಿ, ಏನಮ್ಮಾ ಅದರಲ್ಲಿ ಇದ್ದದ್ದು ಎಂದರೆ ಮುಖ ನೋಡುತ್ತಾಳೆ. ಓದಿಸುವ ಟೀಚರುಗಳಿಗೆ ನಾನು ಹೇಳುವುದು ಇಷ್ಟೇ: ಗಟ್ಟಿಯಾಗಿ ಓದಿದ ಮೇಲೆ ಒಮ್ಮೆ ಪುಸ್ತಕ ಮುಚ್ಚಿಸಿ, ಅವರ ಮನೆಮಾತಿನಲ್ಲೇ ಕೇಳಿ. ಲಂಬಾಣಿ ಮಗು ಲಂಬಾಣಿಯಲ್ಲೇ ಹೇಳಲಿ, ತೆಲುಗಿನ ಮಗು ತೆಲುಗಿನಲ್ಲೇ ಹೇಳಲಿ. ಅರ್ಥವಾಗಿದ್ದರೆ ಗೊತ್ತಾಗುತ್ತದೆ.

ಆ ಶಾಲೆಗಳ ಇನ್ನೊಂದು ಗುಣವನ್ನು ಮಾತ್ರ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ. ಮಕ್ಕಳನ್ನು ಸಾಮಾನ್ಯವಾಗಿ ನಾಲ್ಕು ಗುಂಪು ಮಾಡಿ, ಮುಂದಿದ್ದವರು ಹಿಂದಿದ್ದವರಿಗೆ ಹೇಳಿಕೊಡುವ ಏರ್ಪಾಡು. ಹೇಳಿಕೊಡುವವನಿಗೂ ಪಾಠ ಗಟ್ಟಿಯಾಗುತ್ತಿತ್ತು. ಇದನ್ನು ಇಂಗ್ಲೆಂಡು ಅನುಕರಿಸಿದ್ದು ಸರಿಯೇ ಎಂದು ಅವನು ಬರೆದಿದ್ದರ ಹಿಂದೆ ಒಂದು ಕತೆಯಿದೆ. ಆಂಡ್ರ್ಯೂ ಬೆಲ್ ಎಂಬ ಪಾದ್ರಿ 1789ರಿಂದ ಮದ್ರಾಸಿನ ಎಗ್ಮೋರಿನಲ್ಲಿ ಸಿಪಾಯಿಗಳ ಅನಾಥ ಗಂಡುಮಕ್ಕಳ ಶಾಲೆ ನೋಡಿಕೊಳ್ಳುತ್ತಿದ್ದ. ದಾರಿಯಲ್ಲಿ ಒಂದು ನಾಡಶಾಲೆಯ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು, ತನ್ನ ಶಾಲೆಗೂ ಮರಳು ತಂದ. ಅವನ ಕೈಕೆಳಗಿನ ಶಿಕ್ಷಕರು ಆಗದು ಎಂದರು. ಅವನು ಮಕ್ಕಳನ್ನೇ ಮಕ್ಕಳಿಗೆ ಮೇಷ್ಟರನ್ನಾಗಿ ಮಾಡಿದ. 1797ರಲ್ಲಿ ಲಂಡನ್ನಿನಲ್ಲಿ ಇದನ್ನು ಪುಸ್ತಕವಾಗಿ ಅಚ್ಚುಹಾಕಿಸಿದ. ಅಲ್ಲಿಂದ ಮುಂದೆ ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲಿ ಮರಳಿನ ಮೇಜುಗಳು ಬಂದವು. ಮರಳು ಹಡಗು ಹತ್ತಲಿಲ್ಲ, ಉಪಾಯ ಹತ್ತಿತು. ನಮ್ಮಲ್ಲಿ ಅದು ಮತ್ತೆ ಗೌರವ ಪಡೆಯಲು ಬಹಳ ಕಾಲ ಬೇಕಾಯಿತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ಋಷಿವ್ಯಾಲಿಯವರ ಕೆಲಸ ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ‘ನಲಿ-ಕಲಿ’ ಶುರುಮಾಡಿದರು. ಬೇರೆ ಬೇರೆ ಹಂತದ ಮಕ್ಕಳು ಗುಂಪಾಗಿ ಕೂತು ಒಬ್ಬರಿಂದೊಬ್ಬರು ಕಲಿಯುವುದು, ಕಾರ್ಡುಗಳು, ಮಗುವಿನ ಎತ್ತರಕ್ಕೆ ಗೋಡೆಯ ಕೆಳಗೇ ಬಳಿದ ಕಪ್ಪು ಹಲಗೆ. ವರ್ಣಮಾಲೆಯ ಕ್ರಮ ಬಿಟ್ಟು ‘ರ, ಗ, ಸ, ದ, ಅ’ ಎಂದು ಆರಂಭ. ಹಿರಿಯ ಶಿಕ್ಷಕರು ಮೂಗು ಮುರಿದರು, ನಿಜ. ಆದರೆ ಈ ಐದೇ ಅಕ್ಷರದಲ್ಲಿ ಸರ, ಅರಸ, ಅಗಸ, ಗರಗಸ ಎಂದು ಮಗು ಮೊದಲ ವಾರವೇ ಓದತೊಡಗುತ್ತದೆ. ಅ ಆ ಇ ಈಯಿಂದ ಯಾವ ಮಾತು ಹುಟ್ಟೀತು? ಕಾರ್ಡುಗಳ ಲೆಕ್ಕ, ಏಣಿಯ ಮೆಟ್ಟಿಲಿನ ಲೆಕ್ಕ ಟೀಚರುಗಳಿಗೆ ತಲೆನೋವಾದದ್ದು ಬೇರೆ ಮಾತು.

ಈಗ ಬೇಸರದ ಭಾಗಕ್ಕೆ ಬರುತ್ತೇನೆ. ಹಿಂದೆ ಶಾಲೆ ಇದ್ದ ಎಷ್ಟೋ ಹಳ್ಳಿಗಳಲ್ಲಿ ಈಗ ಇಲ್ಲ ಎಂದು 1823ರಲ್ಲೇ ಕ್ಯಾಂಪ್‌ಬೆಲ್ ಬರೆದ. ಕಾರಣವನ್ನೂ ಮುಚ್ಚಿಡಲಿಲ್ಲ. ಇಂಗ್ಲೆಂಡಿನ ಬಟ್ಟೆ ಬಂದು ನೇಕಾರರ ಗಳಿಕೆ ಇಳಿದಿತ್ತು, ನಾಡು ಬಡವಾಗುತ್ತಿತ್ತು, ಎಳೆಯ ಕೈಕಾಲಿಗೆ ಚೂರು ಬಲ ಬಂದ ಕೂಡಲೇ ಮಕ್ಕಳು ದುಡಿಮೆಗೆ ಹೋಗಬೇಕಾಗಿತ್ತು. ನೂಲುವುದು ಹೆಂಗಸರ ಕೆಲಸವಾಗಿತ್ತೆಂಬುದನ್ನು ನೆನೆದರೆ, ಮಗನನ್ನು ಶಾಲೆ ಬಿಡಿಸುವ ಮೊದಲು ತಾಯಿಯ ರಾಟೆ ನಿಂತಿರಬೇಕು.

ಆ 6,641 ಮಕ್ಕಳಲ್ಲಿ ಹೆಣ್ಣುಮಕ್ಕಳು 60. ನೂರಕ್ಕೆ ಒಬ್ಬಳೂ ಬರುವುದಿಲ್ಲ. ಅವರ ಬಗ್ಗೆ ವರದಿಯ ಮಾತು ಅರ್ಧ ಸಾಲು, ಎಲ್ಲರೂ ಹಿಂದೂಗಳು ಎಂದಷ್ಟೇ. ಮರಳು, ಹಲಗೆ, ಕಡತ, ಓಲೆ ಎಂದು ನಾನು ಇಷ್ಟು ಹೊತ್ತು ಬಣ್ಣಿಸಿದ್ದೆಲ್ಲ ಗಂಡುಹುಡುಗರ ಪಾಲಿನದು. ಆ ಕಡತದ ಬಟ್ಟೆಗೆ ಗಂಜಿ ಬಸಿದವರು ಯಾರು, ಹಲಗೆಗೆ ಬಳಿಯಲು ಅನ್ನ ಬೇಯಿಸಿದವರು ಯಾರು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ.

ಮುಂದೆ ಅಚ್ಚು ಬಂತು. 1841ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಅಚ್ಚುಕೂಟ, ಆಮೇಲೆ ಸರ್ಕಾರಿ ಶಾಲೆ, ಪಠ್ಯಪುಸ್ತಕ. ಪಂಜೆ ಮಂಗೇಶರಾಯರಂಥ ಮೇಷ್ಟರು ಮಕ್ಕಳ ನಾಲಿಗೆಗೆ ಒಗ್ಗುವ ಪದ್ಯ, ಕತೆ ಬರೆದು, 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲ ಕಟ್ಟಿದರು. ಗಿಳಿಪಾಠದ ರೋಗಕ್ಕೆ ಅದು ಒಳ್ಳೆಯ ಔಷಧಿ. ಹೆಣ್ಣುಮಕ್ಕಳಿಗೆ ಮಾತ್ರ ಎಲ್ಲವೂ ತಡವಾಗಿಯೇ ಸಿಕ್ಕಿತು. ಮೈಸೂರಿನಲ್ಲಿ ಮಹಾರಾಣಿಯವರ ಹೆಣ್ಣುಮಕ್ಕಳ ಶಾಲೆ ತೆರೆದದ್ದು 1881ರಲ್ಲಿ. ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾಗಿ, ತಂದೆಯ ನೆರವಿನಿಂದ ಮನೆಯಲ್ಲೇ ಓದಿ, 1913ರಲ್ಲಿ ‘ಸತೀಹಿತೈಷಿಣೀ’ ಗ್ರಂಥಮಾಲೆಯನ್ನೂ 1917ರಲ್ಲಿ ‘ಕರ್ನಾಟಕ ನಂದಿನಿ’ ಪತ್ರಿಕೆಯನ್ನೂ ತಂದರು. ಹೆಂಗಸರಿಗೆ ಓದಲು ಬಂದರೆ ಸಾಲದು, ಓದಲು ಏನಾದರೂ ಬೇಕು ಎಂದು ಅವರು ಕಂಡುಕೊಂಡದ್ದು ದೊಡ್ಡದು. ಆದರೆ ಇಂಥ ಮನೆಗಳು ಎಷ್ಟು? 1991ರ ಜನಗಣತಿಯಲ್ಲೂ ಕರ್ನಾಟಕದ ಹೆಂಗಸರಲ್ಲಿ ಓದುಬರಹ ಬಲ್ಲವರು ನೂರಕ್ಕೆ 44 ಮಾತ್ರ. 2011ರ ಹೊತ್ತಿಗೆ ಅದು 68 ಆಯಿತು.

ಆ 44 ಮತ್ತು 68ರ ನಡುವಿನ ಕೆಲವರನ್ನು ನಾನು ಬಲ್ಲೆ. 1990ರ ದಶಕದ ಸಾಕ್ಷರತಾ ಆಂದೋಲನದಲ್ಲಿ ನಮ್ಮೋಣಿಯ ಗುಡಿಯ ಕಟ್ಟೆಯ ಮೇಲೆ ರಾತ್ರಿ ಹೆಂಗಸರಿಗೆ ಪಾಠ ಹೇಳುತ್ತಿದ್ದೆ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಕೊಟ್ಟ ಪುಸ್ತಕಗಳು ಚೆನ್ನಾಗಿಯೇ ಇದ್ದವು. ಆದರೆ ದಿನವಿಡೀ ಕಳೆ ಕಿತ್ತು ಬಂದ ಕೈಗೆ ಸೀಸದ ಕಡ್ಡಿ ನಿಲ್ಲುತ್ತಿರಲಿಲ್ಲ. ಹಿಡಿದರೆ ಮುರಿಯುತ್ತಿತ್ತು, ಹಾಳೆ ತೂತಾಗುತ್ತಿತ್ತು, ನಕ್ಕು ಎದ್ದುಹೋಗುತ್ತಿದ್ದರು. ಒಂದು ರಾತ್ರಿ ಒಬ್ಬಾಕೆ ಮನೆಯಿಂದ ರಂಗೋಲಿ ಹಿಟ್ಟಿನ ಡಬ್ಬಿ ತಂದಳು. ಕಟ್ಟೆಯ ಮೇಲೆ ಹಿಟ್ಟು ಬಿಟ್ಟು ನಾನು ಬರೆದ ಅಕ್ಷರವನ್ನು ಒಂದೇ ಎಳೆತಕ್ಕೆ ತೆಗೆದಳು, ನನಗಿಂತ ದುಂಡಗೆ. ಮರುದಿನದಿಂದ ಎಲ್ಲರ ಸೆರಗಿನಲ್ಲೂ ಡಬ್ಬಿ. ಅವರು ಮೊದಲು ಕೇಳಿದ್ದು ಪುಸ್ತಕದ ಪಾಠವನ್ನಲ್ಲ. ತಮ್ಮ ಹೆಸರು, ತವರಿನ ಹೆಸರು, ಬಸ್ಸಿನ ಬೋರ್ಡು. ಗಂಡನ ಹೆಸರನ್ನು ಬಾಯಲ್ಲಿ ಹೇಳುವ ಹಾಗಿಲ್ಲ. ಬರೆಯಬಹುದೋ ಬಾರದೋ ಎಂದು ಎರಡು ರಾತ್ರಿ ಚರ್ಚೆ ನಡೆಯಿತು. ಕೊನೆಗೆ ಹಿರಿಯಳೊಬ್ಬಳು, ಬರೆದು ಒರೆಸಿದರೆ ದೋಷವಿಲ್ಲ ಎಂದು ತೀರ್ಪು ಕೊಟ್ಟಳು. ಆ ರಾತ್ರಿ ಕಟ್ಟೆಯ ತುಂಬ ಗಂಡಸರ ಹೆಸರು.

ಡಬ್ಬಿ ತಂದವಳ ಹೆಸರಿನ ಕೊನೆಗೆ ‘ಳ’ ಇತ್ತು. ಅದನ್ನು ಅವಳು ಬಲು ಚೆಂದವಾಗಿ ಸುತ್ತುತ್ತಿದ್ದಳು. ಆರು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ರೇಷನ್ ಕಾರ್ಡು ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಕಾರ್ಡಿನಲ್ಲಿ ‘ಲ’ ಬಿದ್ದಿದೆ, ಇದು ನಾನಲ್ಲ ಎಂದಳು. ಆ ಕಾರ್ಡು ಅವಳ ಮನೆಯಲ್ಲಿ ಎಂಟು ವರ್ಷದಿಂದ ಇತ್ತು. ಕಚೇರಿಗೆ ನಾಲ್ಕು ಸಲ ಹೋಗಿಬಂದಳು. ಇಷ್ಟು ಚಿಕ್ಕದಕ್ಕೆ ಏನಮ್ಮಾ ಎಂದರಂತೆ ಅಲ್ಲಿನವರು. ಸರಿಮಾಡಿಸಿಕೊಂಡೇ ಬಂದಳು.